ಅಮೆರಿಕದಲ್ಲಿ ಕಂಟ್ರಾಕ್ಟರ್ ಆಗುವುದಾದರೆ ಯಾವ ರಾಜ್ಯ? ನೋಂದಣಿ ಮತ್ತು ಲೈಸೆನ್ಸ್‌ಗಳ ಹೋಲಿಕೆ

ಅಮೆರಿಕದಲ್ಲಿ ಮನೆ ಕಟ್ಟುವ, ಹಳೆಯ ಮನೆಗೆ ಹೊಸ ರೂಪ ಕೊಡುವ ಉದ್ಯಮಕ್ಕೆ ಇಳಿಯಬೇಕೆಂದಿರುವ ಕನ್ನಡಿಗರು ಮೊದಲು ಕೇಳುವುದು ‘ಯಾವ ರಾಜ್ಯದಲ್ಲಿ ಲೈಸೆನ್ಸ್ ಬೇಗ ಸಿಗುತ್ತದೆ’ ಎಂದು. ಅದಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಕೆಲಸ ಮುಗಿದ ಮೇಲೆ ಮನೆಯ ಯಜಮಾನ ಬಾಕಿ ಕೊಡದೆ ಬಾಗಿಲು ಹಾಕಿಕೊಂಡರೆ, ನನ್ನ ಕೈಯಲ್ಲಿರುವ ಕಾಗದ ಆ ಹಣವನ್ನು ತಂದುಕೊಡುತ್ತದೆಯೇ? ರಾಜ್ಯಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ. ಪರೀಕ್ಷೆ, ಶುಲ್ಕಗಳು ಒಮ್ಮೆ ಮುಗಿದು ಹೋಗುವ ಕಷ್ಟಗಳು. ಬಾಕಿ ವಸೂಲಿಯ ಕಷ್ಟ ಪ್ರತಿ ಕರಾರಿನ ಜೊತೆಗೂ ಬರುತ್ತದೆ.

ಕರ್ನಾಟಕದಿಂದ ಹೋದವರಿಗೆ ಈ ಲೆಕ್ಕ ಹೊಸದು. ನಮ್ಮಲ್ಲಿ ಲೋಕೋಪಯೋಗಿ ಇಲಾಖೆಯ ಕ್ಲಾಸ್ ಒನ್, ಕ್ಲಾಸ್ ಟೂ ದರ್ಜೆಗಳು ಸರ್ಕಾರಿ ಟೆಂಡರಿಗೆ ಸಂಬಂಧಿಸಿದವು. ವಿದ್ಯುತ್ ಕೆಲಸದವರಿಗೆ ಲೈಸೆನ್ಸ್ ಬೇಕು. ಆದರೆ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಡುವ ಮೇಸ್ತ್ರಿಯನ್ನು ‘ನಿಮ್ಮ ನಂಬರ್ ಎಷ್ಟು’ ಎಂದು ಯಾರೂ ಕೇಳುವುದಿಲ್ಲ. ಚದರಕ್ಕೆ ಎಷ್ಟು, ಹಿಂದೆ ಯಾರ ಮನೆ ಕಟ್ಟಿದ್ದೀರಿ, ಅಷ್ಟಕ್ಕೇ ವಿಚಾರಣೆ ಮುಗಿಯುತ್ತದೆ.

ಅಮೆರಿಕದಲ್ಲಿ ಜನರಲ್ ಕಂಟ್ರಾಕ್ಟರ್‌ಗೆ, ಅಂದರೆ ಇಡೀ ಕಟ್ಟಡದ ಕೆಲಸದ ಹೊಣೆ ಹೊರುವವನಿಗೆ, ಇಡೀ ದೇಶಕ್ಕೆ ಅನ್ವಯಿಸುವ ಲೈಸೆನ್ಸ್ ಇಲ್ಲ. ಕೆಲವು ರಾಜ್ಯಗಳು ಪರೀಕ್ಷೆ ಮಾಡಿ, ಅನುಭವ ಅಳೆದು ಲೈಸೆನ್ಸ್ ಕೊಡುತ್ತವೆ. ಕೆಲವು ರಾಜ್ಯಗಳು ಹೆಸರು ಬರೆದುಕೊಂಡು, ಬಾಂಡ್ (ಜಾಮೀನು ಪತ್ರ) ಮತ್ತು ವಿಮೆಯ ಕಾಗದ ಪಡೆದು ನೋಂದಣಿ ಮಾಡುತ್ತವೆ. ಇನ್ನು ಕೆಲವು ‘ನಮಗೆ ಸಂಬಂಧವಿಲ್ಲ, ನಿಮ್ಮ ಊರಿನ ಪುರಸಭೆಯನ್ನು ಕೇಳಿ’ ಎನ್ನುತ್ತವೆ. ಮೂರೂ ಬಗೆಯ ಮಾದರಿಗಳನ್ನು ಮುಂದೆ ನೋಡೋಣ.

ಕ್ಯಾಲಿಫೋರ್ನಿಯಾ: ಹೊಸ್ತಿಲು ಎತ್ತರ, ಒಳಗೆ ಹೋದರೆ ಭದ್ರ

ಇಲ್ಲಿ ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್ 1929ರಿಂದ ಇದೆ. ಕಟ್ಟಡದ ಕೆಲಸಕ್ಕೆ ‘ಬಿ’ ವರ್ಗದ ಲೈಸೆನ್ಸ್. ಅದಕ್ಕೆ ಅರ್ಜಿ ಹಾಕುವ ಹಿಂದಿನ ಹತ್ತು ವರ್ಷಗಳೊಳಗೆ ನಾಲ್ಕು ವರ್ಷ ಪೂರ್ಣ ಪ್ರಮಾಣದ ಕೆಲಸಗಾರನಾಗಿಯೋ ಮೇಲ್ವಿಚಾರಕನಾಗಿಯೋ ದುಡಿದಿರಬೇಕು. ಆ ಕೆಲಸವನ್ನು ಕಣ್ಣಾರೆ ಕಂಡವರೊಬ್ಬರು ಸಹಿ ಹಾಕಬೇಕು. ಆಮೇಲೆ ಎರಡು ಪರೀಕ್ಷೆ: ಒಂದು ಕಾನೂನು ಮತ್ತು ವ್ಯವಹಾರದ್ದು, ಇನ್ನೊಂದು ಕಸುಬಿನದು. ಬೆರಳಚ್ಚು ಕೊಡಬೇಕು. 2023ರ ಜನವರಿಯಿಂದ 25,000 ಡಾಲರ್‌ನ ಬಾಂಡ್ ಕಡ್ಡಾಯ. ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ, ಮಾಡಿಕೊಂಡರೆ ಕಾರ್ಮಿಕರ ಹಿತಕ್ಕೆಂದು ಇನ್ನೂ 1,00,000 ಡಾಲರ್‌ನ ಬಾಂಡ್ ಸೇರುತ್ತದೆ. ಗೆಳೆಯರ ಮಾತು ಕೇಳಿ ಮೊದಲು ಎಲ್‌ಎಲ್‌ಸಿ ಮಾಡಿಸಿಕೊಂಡು ಬಂದವರು ಇಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ.

ಬಾಂಡ್ ಎಂದರೆ ಅಷ್ಟು ಹಣವನ್ನು ಕಟ್ಟಿಡುವುದು ಎಂದು ಹೆದರಬೇಕಾಗಿಲ್ಲ. ಶ್ಯೂರಿಟಿ ಕಂಪನಿಯೊಂದಕ್ಕೆ ವರ್ಷಕ್ಕಿಷ್ಟು ಪ್ರೀಮಿಯಂ ಕೊಟ್ಟರೆ ಅದು ನಿಮ್ಮ ಪರವಾಗಿ ಜಾಮೀನು ನಿಲ್ಲುತ್ತದೆ. ಪ್ರೀಮಿಯಂ ಎಷ್ಟೆಂಬುದು ನಿಮ್ಮ ಕ್ರೆಡಿಟ್ ಸ್ಕೋರ್ ನೋಡಿ ತೀರ್ಮಾನವಾಗುತ್ತದೆ. ಆದರೆ ವಿಮೆಗೂ ಇದಕ್ಕೂ ಅಜಗಜಾಂತರ. ಗ್ರಾಹಕನಿಗೆ ಶ್ಯೂರಿಟಿ ಕಂಪನಿ ಪರಿಹಾರ ಕೊಟ್ಟರೆ, ಆ ದುಡ್ಡನ್ನು ನಿಮ್ಮಿಂದ ವಸೂಲು ಮಾಡಿಯೇ ತೀರುತ್ತದೆ.

‘ಬಿ’ ಲೈಸೆನ್ಸ್ ಸಿಕ್ಕಿದರೆ ಎಲ್ಲ ಕೆಲಸವೂ ಮಾಡಬಹುದು ಎಂಬ ಭ್ರಮೆ ಬೇಡ. ಮರದ ಚೌಕಟ್ಟು, ಬಡಗಿ ಕೆಲಸ ಬಿಟ್ಟರೆ, ಒಂದು ಕರಾರಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಕಸುಬುಗಳಾದರೂ ಇರಬೇಕು. ಬಚ್ಚಲುಮನೆಯ ನಲ್ಲಿ ಕೊಳವೆ ಬದಲಿಸಿ ಟೈಲ್ಸ್ ಹಾಕಿಕೊಡುವ ಕರಾರು ಸರಿ. ಅದೇ ಯಜಮಾನ ಸಂತೋಷಪಟ್ಟು ‘ಮನೆಗೆಲ್ಲ ಬಣ್ಣವನ್ನೂ ಹೊಡೆದುಬಿಡಿ’ ಎಂದು ಬೇರೆ ಕರಾರು ಕೊಟ್ಟರೆ, ಅದಕ್ಕೆ ಸಿ–33 ಎಂಬ ಬಣ್ಣದ ಕೆಲಸದ ಲೈಸೆನ್ಸ್ ಇರಬೇಕು. 2021ರಲ್ಲಿ ಬಂದ ‘ಬಿ–2’ ವರ್ಗ ಹಳೆಯ ಮನೆಗಳ ನವೀಕರಣಕ್ಕೆಂದೇ ಮಾಡಿದ್ದು. ಅದರಲ್ಲಿ ಮೂರು ಕಸುಬಾದರೂ ಸೇರಿರಬೇಕು, ಕಟ್ಟಡದ ಭಾರ ಹೊರುವ ಭಾಗಗಳನ್ನು ಮುಟ್ಟುವಂತಿಲ್ಲ. ಅಡುಗೆಮನೆ, ಬಚ್ಚಲುಮನೆಗಳ ಕೆಲಸವಷ್ಟೇ ಮಾಡುವ ಇರಾದೆ ಇದ್ದವರಿಗೆ ಇದು ಸಾಕು. ಗೋಡೆ ಒಡೆದು ಹಾಲ್ ದೊಡ್ಡದು ಮಾಡುವ ಆಸೆಯಿದ್ದರೆ ನೇರ ‘ಬಿ’ಗೇ ಹೋಗುವುದು ಲೇಸು.

ಇಷ್ಟೆಲ್ಲ ಏಕೆ ಸಹಿಸಿಕೊಳ್ಳಬೇಕು ಎಂಬುದಕ್ಕೆ ಉತ್ತರ ಅಲ್ಲಿನ ವ್ಯವಹಾರ ಮತ್ತು ವೃತ್ತಿ ಸಂಹಿತೆಯ 7031ನೇ ಕಲಮಿನಲ್ಲಿದೆ. ಲೈಸೆನ್ಸ್ ಇಲ್ಲದವನು ಮಾಡಿದ ಕೆಲಸಕ್ಕೆ ಹಣ ಕೇಳಿ ದಾವೆ ಹೂಡುವಂತಿಲ್ಲ. ಅಷ್ಟೇ ಅಲ್ಲ, ಅವನಿಗೆ ಅದಾಗಲೇ ಕೊಟ್ಟಿದ್ದ ಹಣವನ್ನೂ ಗ್ರಾಹಕ ವಾಪಸ್ ಕೇಳಬಹುದು. ಕೆಲಸ ಚೆನ್ನಾಗಿತ್ತೇ ಎಂಬ ಮಾತೇ ಏಳುವುದಿಲ್ಲ. 1991ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿಗೆ ಬಂದ ಹೈಡ್ರೋಟೆಕ್ ಪ್ರಕರಣ ನೋಡಿ. ಕೊಳದಲ್ಲಿ ಸಮುದ್ರದಂಥ ಅಲೆ ಏಳಿಸುವ ಯಂತ್ರ ತಯಾರಿಸುವ ನ್ಯೂಯಾರ್ಕ್ ಕಂಪನಿ ಅದು. ಪಾಮ್ ಸ್ಪ್ರಿಂಗ್ಸ್‌ನ ಜಲಕ್ರೀಡಾ ಉದ್ಯಾನವೊಂದಕ್ಕೆ ಕೆಲಸ ಮಾಡಿಕೊಟ್ಟಿತು, ಕ್ಯಾಲಿಫೋರ್ನಿಯಾದ ಲೈಸೆನ್ಸ್ ಅದಕ್ಕೆ ಇರಲಿಲ್ಲ. ಬಾಕಿ ಹಣ ಬರಲಿಲ್ಲ. ಕೊಡುವ ಮನಸ್ಸೇ ಇಲ್ಲದೆ ಮಾತು ಕೊಟ್ಟು ವಂಚಿಸಿದರು ಎಂದು ಕಂಪನಿ ವಾದಿಸಿತು. ವಂಚನೆಯ ಹೆಸರಿನಲ್ಲಿ ಬಂದರೂ ಕೂಲಿಯ ದಾವೆ ಕೂಲಿಯ ದಾವೆಯೇ ಎಂದು ನ್ಯಾಯಾಲಯ ಆ ಬಾಗಿಲನ್ನೂ ಮುಚ್ಚಿತು.

ಸಣ್ಣಪುಟ್ಟ ಕೆಲಸಕ್ಕೆ ವಿನಾಯಿತಿ ಇದೆ. 2025ರ ಜನವರಿಯಿಂದ ಅದರ ಮಿತಿ 500ರಿಂದ 1,000 ಡಾಲರ್‌ಗೆ ಏರಿದೆ. ಆದರೆ ಪರ್ಮಿಟ್ ಬೇಕಾಗುವ ಕೆಲಸವಾಗಿರಬಾರದು, ಆಳುಗಳನ್ನು ಇಟ್ಟುಕೊಂಡಿರಬಾರದು. ಮುಂಗಡದ ನಿಯಮ ನಮ್ಮವರಿಗೆ ಎಲ್ಲಕ್ಕಿಂತ ಒಗ್ಗದ್ದು. ಮನೆ ನವೀಕರಣದ ಕರಾರಿನಲ್ಲಿ ಒಟ್ಟು ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಮುಂಗಡವಾಗಿ ಪಡೆಯಬಹುದು. 60,000 ಡಾಲರ್‌ನ ಅಡುಗೆಮನೆಗೂ ಮುಂಗಡ ಸಾವಿರವೇ. ಊರಿನಲ್ಲಿ ಪಾಯಕ್ಕಿಷ್ಟು, ತಾರಸಿಗಿಷ್ಟು ಎಂದು ಮುಂಚೆಯೇ ಎಣಿಸಿಕೊಂಡು ಅಭ್ಯಾಸವಾದವರು ಕೈಯಲ್ಲಿ ಒಂದಿಷ್ಟು ಬಂಡವಾಳ ಇಟ್ಟುಕೊಂಡೇ ಇಲ್ಲಿಗೆ ಬರಬೇಕು.

ವಾಷಿಂಗ್ಟನ್: ಪರೀಕ್ಷೆಯಿಲ್ಲ, ಆದರೆ ಚೀಟಿ ಮರೆಯುವಂತಿಲ್ಲ

ಸಿಯಾಟಲ್ ಸುತ್ತಮುತ್ತ ಇರುವವರಿಗೆ ದಾರಿ ಬೇರೆ. ವಾಷಿಂಗ್ಟನ್ ರಾಜ್ಯದ ಕಾರ್ಮಿಕ ಮತ್ತು ಕೈಗಾರಿಕಾ ಇಲಾಖೆ ಕಂಟ್ರಾಕ್ಟರ್‌ಗಳನ್ನು ನೋಂದಣಿ ಮಾತ್ರ ಮಾಡಿಕೊಳ್ಳುತ್ತದೆ. ಪರೀಕ್ಷೆ ಇಲ್ಲ, ಅನುಭವದ ಪತ್ರವೂ ಬೇಡ. 2024ರ ಜುಲೈನಿಂದ ಜನರಲ್ ಕಂಟ್ರಾಕ್ಟರ್‌ಗೆ 30,000 ಡಾಲರ್, ಒಂದೇ ಕಸುಬಿನವನಿಗೆ 15,000 ಡಾಲರ್ ಬಾಂಡ್. ಅದಕ್ಕೆ ಮುಂಚೆ ಇವು 12,000 ಮತ್ತು 6,000 ಇದ್ದವು. ಜೊತೆಗೆ ಒಟ್ಟು 2,50,000 ಡಾಲರ್‌ನ ಹೊಣೆಗಾರಿಕೆ ವಿಮೆ. ವಿದ್ಯುತ್ ಮತ್ತು ಕೊಳಾಯಿ ಕೆಲಸಕ್ಕೆ ಮಾತ್ರ ಪ್ರತ್ಯೇಕ ವ್ಯವಸ್ಥೆಯಿದೆ.

ಇಷ್ಟು ಸಲೀಸು ಎಂದು ನೋಂದಣಿ ಮುಂದಕ್ಕೆ ಹಾಕಿದರೆ ಕೆಟ್ಟಿರಿ. ಇಲ್ಲಿಯೂ ನೋಂದಣಿಯಿಲ್ಲದವನಿಗೆ ಬಾಕಿ ಕೇಳಿ ನ್ಯಾಯಾಲಯಕ್ಕೆ ಹೋಗುವ ಹಕ್ಕಿಲ್ಲ. ನೋಂದಣಿ ಇದ್ದವನಿಗೂ ಇನ್ನೊಂದು ಕುಣಿಕೆ ಇದೆ. 1,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಮನೆ ಕಟ್ಟುವ, ದುರಸ್ತಿ ಮಾಡುವ ಕೆಲಸ ಶುರುಮಾಡುವ ಮುಂಚೆ ಗ್ರಾಹಕನಿಗೆ ನಿಗದಿತ ತಿಳಿವಳಿಕೆ ಪತ್ರವೊಂದನ್ನು ಕೊಟ್ಟಿರಬೇಕು. ‘ಈ ಕಂಟ್ರಾಕ್ಟರ್ ಇಷ್ಟು ಮೊತ್ತದ ಬಾಂಡ್ ಇಟ್ಟಿದ್ದಾನೆ, ನಿಮ್ಮ ನಷ್ಟ ತುಂಬಲು ಇದು ಸಾಲದೆಯೂ ಹೋಗಬಹುದು’ ಎಂಬ ಅರ್ಥದ ಎಚ್ಚರಿಕೆ ಅದರಲ್ಲಿರುತ್ತದೆ. ನಮ್ಮ ಬಗ್ಗೆ ನಾವೇ ಕೊಡುವ ಈ ಎಚ್ಚರಿಕೆ ಮುಜುಗರದ್ದೇ. ಆದರೆ ಅದನ್ನು ಕೊಡದಿದ್ದರೆ ಬಾಕಿಗಾಗಿ ಆ ಮನೆಯ ಮೇಲೆ ಲೀನ್ ಹಾಕುವ ಹಕ್ಕು ಹೋಗುತ್ತದೆ. ಲೀನ್ ಎಂದರೆ ಆಸ್ತಿಯ ದಾಖಲೆಗೇ ಬಾಕಿಯನ್ನು ಅಂಟಿಸುವುದು. ತೀರಿಸದೆ ಮನೆ ಮಾರುವುದು, ಸಾಲ ಮರುಹೊಂದಿಸುವುದು ಕಷ್ಟ. ಸಣ್ಣ ಕಂಟ್ರಾಕ್ಟರ್‌ನ ಕೈಯಲ್ಲಿರುವ ನಿಜವಾದ ಆಯುಧ ಅದೇ.

ಮನೆ ಮಾಡಿಸಿಕೊಳ್ಳುವವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಇಲ್ಲಿ ‘ರಾಜ್ಯದ ನೋಂದಣಿ ಇದೆ’ ಎಂದರೆ ಆತನಿಗೆ ಕೆಲಸ ಬರುತ್ತದೆ ಎಂದು ಸರ್ಕಾರ ಹೇಳಿದಂತಲ್ಲ. ಬಾಂಡ್ ಇದೆ, ವಿಮೆ ಇದೆ, ವಿಳಾಸ ಗೊತ್ತಿದೆ ಎಂದಷ್ಟೇ. ಹಿಂದೆ ಮಾಡಿದ ಕೆಲಸ ನೋಡುವ ನಮ್ಮೂರಿನ ಪದ್ಧತಿಯನ್ನು ಬಿಡಬೇಡಿ.

ಟೆಕ್ಸಾಸ್: ಬಾಗಿಲೇ ಇಲ್ಲದ ಬಯಲು

ಟೆಕ್ಸಾಸ್‌ನಲ್ಲಿ ಜನರಲ್ ಕಂಟ್ರಾಕ್ಟರ್‌ಗೆ ರಾಜ್ಯದ ಲೈಸೆನ್ಸೂ ಇಲ್ಲ, ನೋಂದಣಿಯೂ ಇಲ್ಲ. ವಿದ್ಯುತ್, ಹವಾನಿಯಂತ್ರಣ, ಕೊಳಾಯಿ ಕೆಲಸದವರಿಗೆ ಮಾತ್ರ ಇದೆ. 2003ರಲ್ಲಿ ಮನೆ ಕಟ್ಟುವವರ ಮೇಲೆ ನಿಗಾ ಇಡಲು ಒಂದು ಆಯೋಗ ಮಾಡಿದ್ದರು. ಅದನ್ನು ಮುಂದುವರಿಸಲು ಶಾಸಕರು ಒಪ್ಪದೆ 2010ರ ಹೊತ್ತಿಗೆ ಅದು ಮುಚ್ಚಿತು. ಡಲ್ಲಾಸ್, ಸ್ಯಾನ್ ಆಂಟೋನಿಯೊದಂಥ ನಗರಗಳು ಪರ್ಮಿಟ್ ಕೊಡುವ ಮುಂಚೆ ತಮ್ಮಲ್ಲಿ ನೋಂದಣಿ ಕೇಳುತ್ತವೆ. ಹಾಗಾಗಿ ಒಂದು ಊರು ದಾಟಿ ಇನ್ನೊಂದು ಊರಿಗೆ ಕೆಲಸಕ್ಕೆ ಹೋದಾಗಲೆಲ್ಲ ಹೊಸದಾಗಿ ವಿಚಾರಿಸುವುದು ತಪ್ಪದು.

ವ್ಯಾನು, ಹತಾರ, ಎರಡು ಕೈ ಇದ್ದರೆ ನಾಳೆಯೇ ಕಂಟ್ರಾಕ್ಟರ್. ಬಹಳ ಜನರಿಗೆ ಇದೇ ಆಕರ್ಷಣೆ, ನನಗೆ ಇದೇ ಹಿಂಜರಿಕೆ. ಯಾರು ಬೇಕಾದರೂ ಬರುವ ಕಡೆ ದರದ ಪೈಪೋಟಿ ತಳಕ್ಕೆ ಇಳಿಯುತ್ತದೆ. ಹೊಸಬನ ಬೆನ್ನಿಗೆ ತೋರಿಸಲು ಒಂದು ನಂಬರೂ ಇರುವುದಿಲ್ಲ. ವಸೂಲಿಯ ವಿಷಯದಲ್ಲಿ ಟೆಕ್ಸಾಸ್ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತದೆ. ಮಾಲೀಕನ ಜೊತೆ ನೇರ ಕರಾರು ಮಾಡಿಕೊಂಡ ಕಂಟ್ರಾಕ್ಟರ್‌ಗೆ ಲೀನ್ ಹಕ್ಕನ್ನು ರಾಜ್ಯದ ಸಂವಿಧಾನವೇ, ಅದರ 16ನೇ ವಿಧಿಯೇ ಕೊಟ್ಟಿದೆ. ಆದರೆ ಮಾಲೀಕ ತಾನೇ ವಾಸವಿರುವ ಮನೆ, ಅಲ್ಲಿನವರು ಹೋಮ್‌ಸ್ಟೆಡ್ ಎನ್ನುವುದು, ವಿಶೇಷ ರಕ್ಷಣೆಯಲ್ಲಿದೆ. ಅದರ ಮೇಲೆ ಲೀನ್ ನಿಲ್ಲಬೇಕಾದರೆ ಕೆಲಸ ಶುರುವಾಗುವ ಮುಂಚೆಯೇ ಲಿಖಿತ ಕರಾರು ಆಗಿರಬೇಕು, ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿರಬೇಕು, ಕರಾರನ್ನು ಕೌಂಟಿಯ (ಅಲ್ಲಿನ ಜಿಲ್ಲೆಯ) ಕಚೇರಿಯಲ್ಲಿ ದಾಖಲು ಮಾಡಿಸಿರಬೇಕು. ‘ಯಜಮಾನರು ಕೆಲಸದ ಮೇಲೆ ಹೊರಗಿದ್ದಾರೆ, ನಾನು ಸಹಿ ಹಾಕುತ್ತೇನೆ, ನೀವು ಕೆಲಸ ಶುರುಮಾಡಿ’ ಎಂದು ಮನೆಯೊಡತಿ ಕಾಫಿ ಕೊಟ್ಟು ಹೇಳಿದರೆ, ಕಾಫಿ ಕುಡಿದು ಯಜಮಾನರು ಬರುವವರೆಗೆ ಕಾಯಿರಿ. ನಮ್ಮವರ ಮನೆಗಳಲ್ಲಿ ಈ ಸಂಕೋಚ ಇನ್ನೂ ಹೆಚ್ಚು, ಎಲ್ಲರೂ ಕನ್ನಡ ಕೂಟದಲ್ಲಿ ಪರಿಚಿತರೇ ಆಗಿರುತ್ತಾರೆ.

ಖಾಸಗಿ ಉದ್ಯಮಿ ಕಾರ್ಮಿಕರ ಪರಿಹಾರ ವಿಮೆ ಕಟ್ಟುವುದು ಇಲ್ಲಿ ಕಡ್ಡಾಯವಲ್ಲ. ಉಳಿತಾಯ ಎಂದು ಬಿಟ್ಟರೆ, ಸೂರಿನಿಂದ ಬಿದ್ದ ಆಳು ನೇರ ನಿಮ್ಮ ಮೇಲೆ ದಾವೆ ಹೂಡಬಹುದು. ಕಟ್ಟಿಬಿಡಿ.

ಫ್ಲೋರಿಡಾ: ಒಂದೇ ರಾಜ್ಯ, ಎರಡು ಚೀಟಿ

ಫ್ಲೋರಿಡಾದಲ್ಲಿ ‘ಸರ್ಟಿಫೈಡ್’ ಕಂಟ್ರಾಕ್ಟರ್ ರಾಜ್ಯದ ಪರೀಕ್ಷೆ ಬರೆದವನು, ಇಡೀ ರಾಜ್ಯದಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು. ‘ರಿಜಿಸ್ಟರ್ಡ್’ ಎಂದರೆ ಸ್ಥಳೀಯ ಆಡಳಿತ ಕೊಟ್ಟ ಅರ್ಹತೆಯನ್ನು ರಾಜ್ಯದಲ್ಲಿ ದಾಖಲಿಸಿದವನು, ಅವನ ಕೆಲಸ ಆ ವ್ಯಾಪ್ತಿಯೊಳಗೇ. 2021ರಲ್ಲಿ ರಾಜ್ಯ ಸರ್ಕಾರ ಸ್ಥಳೀಯ ಲೈಸೆನ್ಸ್‌ಗಳ ರೆಕ್ಕೆ ಕತ್ತರಿಸುವ ಕಾನೂನು ತಂದ ಮೇಲೆ ಹೊಸಬರು ಎರಡನೆಯ ದಾರಿ ಹಿಡಿಯುವುದರಲ್ಲಿ ಅರ್ಥ ಕಾಣುವುದಿಲ್ಲ.

ಸರ್ಟಿಫೈಡ್‌ನಲ್ಲಿ ಮೂರು ಮೆಟ್ಟಿಲು: ರೆಸಿಡೆನ್ಷಿಯಲ್ ಎಂದರೆ ಎರಡು ವಾಸದ ಅಂತಸ್ತಿನವರೆಗಿನ ಸಣ್ಣ ಮನೆಗಳು, ಬಿಲ್ಡಿಂಗ್ ಎಂದರೆ ಮೂರು ಅಂತಸ್ತಿನವರೆಗಿನ ಕಟ್ಟಡಗಳು, ಜನರಲ್ ಎಂದರೆ ಎತ್ತರದ ಮಿತಿಯಿಲ್ಲ. ನಾಲ್ಕು ವರ್ಷದ ಅನುಭವ ಇರಬೇಕು. ನಿರ್ಮಾಣಕ್ಕೆ ಸಂಬಂಧಿಸಿದ ನಾಲ್ಕು ವರ್ಷದ ಪದವಿ ಇದ್ದರೆ ಒಂದು ವರ್ಷದ ಅನುಭವ ಸಾಕು. ಸಿವಿಲ್ ಎಂಜಿನಿಯರುಗಳಿಗೆ ಇದು ಅನುಕೂಲದ ಲೆಕ್ಕ. ತೊಡಕು ಇರುವುದು ಕ್ರೆಡಿಟ್ ಸ್ಕೋರಿನಲ್ಲಿ. 660 ಇಲ್ಲದಿದ್ದರೆ ಬಾಂಡ್ ಕೊಡಬೇಕು. ಹೊಸದಾಗಿ ದೇಶಕ್ಕೆ ಬಂದವನಿಗೆ ಸಾಲವೂ ಇರುವುದಿಲ್ಲ, ಸಾಲ ತೀರಿಸಿದ ಚರಿತ್ರೆಯೂ ಇರುವುದಿಲ್ಲ. ಯಾರಿಗೂ ಒಂದು ಕಾಸು ಬಾಕಿ ಇಡದೆ ಬದುಕಿದ್ದು ಇಲ್ಲಿ ಗುಣವೆನಿಸಿಕೊಳ್ಳುವುದಿಲ್ಲ.

ಲೈಸೆನ್ಸ್ ಇಲ್ಲದವನ ಕರಾರನ್ನು ಅವನು ಇಲ್ಲಿಯೂ ಜಾರಿಗೊಳಿಸಲಾರ. ಚಂಡಮಾರುತದ ನಂತರ ತುರ್ತುಪರಿಸ್ಥಿತಿ ಘೋಷಣೆಯಾದ ಅವಧಿಯಲ್ಲಿ ಲೈಸೆನ್ಸ್ ಇಲ್ಲದೆ ಕೆಲಸ ಹಿಡಿದರೆ ಅದು ಜೈಲು ಶಿಕ್ಷೆಯಾಗಬಲ್ಲ ಗಂಭೀರ ಅಪರಾಧ. ಸೂರು ಹಾರಿಹೋದ ಮನೆಗಳ ಮುಂದೆ ಹೊರರಾಜ್ಯದ ಟ್ರಕ್ಕುಗಳು ಸಾಲುಗಟ್ಟುವುದನ್ನು ತಡೆಯಲು ಮಾಡಿದ ನಿಯಮ ಇದು. ಪಕ್ಕದ ರಾಜ್ಯದಲ್ಲಿದ್ದುಕೊಂಡು ಸಹಾಯವೂ ಆಯಿತು, ಸಂಪಾದನೆಯೂ ಆಯಿತು ಎಂದು ಹೊರಡುವವರು ನೆನಪಿಡಬೇಕು.

ನಾರ್ತ್ ಕ್ಯಾರೊಲಿನಾ, ಮತ್ತೆ ಈಶಾನ್ಯದ ಗೋಜಲು

ನಾರ್ತ್ ಕ್ಯಾರೊಲಿನಾದ ಪದ್ಧತಿ ಕರ್ನಾಟಕದ ಗುತ್ತಿಗೆದಾರನಿಗೆ ಪರಿಚಿತವೆನಿಸೀತು, ಏಕೆಂದರೆ ಇಲ್ಲಿ ಕೆಲಸದ ಮೊತ್ತಕ್ಕೆ ತಕ್ಕ ದರ್ಜೆಗಳಿವೆ. 40,000 ಡಾಲರ್‌ಗಿಂತ ಕಡಿಮೆಯ ಕೆಲಸಕ್ಕೆ ಲೈಸೆನ್ಸ್ ಬೇಡ. 2023ರ ಅಕ್ಟೋಬರ್‌ಗೆ ಮುಂಚೆ ಈ ಮಿತಿ 30,000 ಇತ್ತು. ಆಮೇಲೆ 7,50,000 ಡಾಲರ್‌ವರೆಗಿನ ಕೆಲಸಕ್ಕೆ ‘ಲಿಮಿಟೆಡ್’, 15 ಲಕ್ಷ ಡಾಲರ್‌ವರೆಗೆ ‘ಇಂಟರ್‌ಮೀಡಿಯೆಟ್’, ಅದಕ್ಕೂ ಮೇಲೆ ‘ಅನ್‌ಲಿಮಿಟೆಡ್’. ಕೆಳಗಿನ ದರ್ಜೆಗೆ 17,000 ಡಾಲರ್ ದುಡಿಯುವ ಬಂಡವಾಳ ತೋರಿಸಿದರಾಯಿತು. ಸಣ್ಣದರಿಂದ ಶುರುಮಾಡಿ ಮೇಲೇರುವವನಿಗೆ ಇದು ಹದವಾದ ಏಣಿ. ಎಚ್ಚರ ಒಂದೇ: ಕರಾರಿಗೆ ಸಹಿ ಹಾಕುವ ದಿನ ಲೈಸೆನ್ಸ್ ಕೈಯಲ್ಲಿರಬೇಕು. ಕೆಲಸ ನಡೆಯುತ್ತಿರುವಾಗ ಲೈಸೆನ್ಸ್ ಬಂದರೂ ಹಳೆಯ ಕರಾರು ನೆಟ್ಟಗಾಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1983ರ ಬ್ರೇಡಿ ಪ್ರಕರಣದಲ್ಲಿ ಹೇಳಿದೆ.

ಈಶಾನ್ಯದ ಕಥೆ ಬೇಗ ಹೇಳಿ ಮುಗಿಸಬಹುದು. ನ್ಯೂಯಾರ್ಕ್ ರಾಜ್ಯದ ಲೈಸೆನ್ಸ್ ಇಲ್ಲ. ಆದರೆ ನ್ಯೂಯಾರ್ಕ್ ನಗರದಲ್ಲಿ 200 ಡಾಲರ್ ಮೀರಿದ ಮನೆ ದುರಸ್ತಿಗೆ ನಗರದ ಲೈಸೆನ್ಸ್ ಬೇಕು, ನಾಸೌ, ಸಫೋಕ್, ವೆಸ್ಟ್‌ಚೆಸ್ಟರ್ ಕೌಂಟಿಗಳಿಗೆ ತಮ್ಮ ತಮ್ಮದೇ. ನ್ಯೂಜೆರ್ಸಿ ವರ್ಷಗಳ ಕಾಲ ನೋಂದಣಿಯಲ್ಲೇ ಇತ್ತು. 2024ರ ಜನವರಿಯಲ್ಲಿ ಸಹಿಯಾದ ಕಾನೂನು ಮನೆ ನವೀಕರಣದವರನ್ನು ಲೈಸೆನ್ಸ್ ವ್ಯವಸ್ಥೆಗೆ ಒಯ್ಯುತ್ತಿದೆ. ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ 5,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಮನೆ ನವೀಕರಣ ಮಾಡುವವರು 2009ರಿಂದ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಾಯಿಸಬೇಕು, ಪರೀಕ್ಷೆಯಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ ಮಾಡಿ ಮೂರೂ ರಾಜ್ಯಗಳಲ್ಲಿ ಕೆಲಸ ಹಿಡಿಯುವ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಮೊದಲ ಎರಡು ವರ್ಷ ಒಂದೇ ರಾಜ್ಯದಲ್ಲಿರಿ.

ಊರಿನ ಅನುಭವ, ವೀಸಾ, ಬಾಡಿಗೆ ಲೈಸೆನ್ಸ್

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಪದವಿಗೆ ಬೆಲೆಯಿದೆ. ಕ್ಯಾಲಿಫೋರ್ನಿಯಾದಲ್ಲಿ ಓದಿಗೆ ಹೆಚ್ಚೆಂದರೆ ಮೂರು ವರ್ಷದ ಅನುಭವದ ಲೆಕ್ಕ ಸಿಗುತ್ತದೆ, ಉಳಿದ ಒಂದು ವರ್ಷ ಕೈಕೆಲಸವೇ ಆಗಿರಬೇಕು. ವಿದೇಶಿ ಅಂಕಪಟ್ಟಿಯನ್ನು ಅಮೆರಿಕದ ಮೌಲ್ಯಮಾಪನ ಸಂಸ್ಥೆಯಿಂದ ತಾಳೆ ಮಾಡಿಸಿ ಕೊಡಿ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಸೈಟ್ ಎಂಜಿನಿಯರ್ ಆಗಿದ್ದ ವರ್ಷಗಳಿಗೆ ಸಾಕ್ಷಿ ಹೇಳುವ ಹಿರಿಯ ಎಂಜಿನಿಯರರ ವಿಳಾಸ, ಸಂಬಳದ ಚೀಟಿಗಳು ಊರು ಬಿಡುವ ಮುಂಚೆಯೇ ಜೊತೆಗಿರಲಿ.

ಲೈಸೆನ್ಸ್ ಬೇರೆ, ದುಡಿಯುವ ಹಕ್ಕು ಬೇರೆ. ಎಚ್–1ಬಿ ವೀಸಾದವರು ತಮಗಾಗಿ ವೀಸಾದ ಅರ್ಜಿ ಸಲ್ಲಿಸಿದ ಕಂಪನಿಗೆ ಮಾತ್ರ ದುಡಿಯಬಹುದು. ಶನಿವಾರ ಭಾನುವಾರ ಸ್ವಂತ ಕಂಟ್ರಾಕ್ಟ್ ಮಾಡುವುದು ವೀಸಾಕ್ಕೇ ಕುತ್ತು. ಅವರ ಅವಲಂಬಿತರಾಗಿ ಎಚ್–4 ವೀಸಾದಲ್ಲಿದ್ದು ಉದ್ಯೋಗ ಅನುಮತಿ ಪತ್ರ ಪಡೆದ ಸಂಗಾತಿ ಸ್ವಂತ ಉದ್ಯಮ ನಡೆಸಬಹುದು. ಆಗಲೂ ಅನುಭವ, ಪರೀಕ್ಷೆ ಅವರದೇ ಆಗಿರಬೇಕು.

ಇನ್ನೊಬ್ಬರ ಲೈಸೆನ್ಸ್ ಮೇಲೆ ಕೆಲಸ ಹಿಡಿಯುವುದು ಊರಿನಲ್ಲಿ ಕೇಳಿ ಬಲ್ಲ ಸಂಗತಿ. ಕ್ಯಾಲಿಫೋರ್ನಿಯಾದಲ್ಲಿ ಅರ್ಹತೆ ಇರುವ ವ್ಯಕ್ತಿಯನ್ನು ನೌಕರನಾಗಿ ಇಟ್ಟುಕೊಂಡು ಲೈಸೆನ್ಸ್ ಪಡೆಯಲು ಅವಕಾಶವಿದೆ, ಆದರೆ ಆತ ವಾರಕ್ಕೆ 32 ಗಂಟೆ ಅಥವಾ ಸಂಸ್ಥೆಯ ಒಟ್ಟು ಕೆಲಸದ ಅವಧಿಯ ಶೇಕಡಾ 80ರಷ್ಟು ನಿಜವಾಗಿಯೂ ದುಡಿಯಬೇಕು. ಹೆಸರಿಗೆ ಮಾತ್ರ ಇಟ್ಟುಕೊಂಡರೆ ಲೈಸೆನ್ಸ್ ಇಲ್ಲದವನ ಸ್ಥಿತಿಗೇ ಬರುವ ಅಪಾಯವಿದೆ, 7031 ಮತ್ತೆ ಎದುರು ನಿಲ್ಲುತ್ತದೆ.

ಯಾರಿಗೆ ಯಾವುದು

ಪದವಿ, ಅನುಭವ ಎರಡೂ ಇದ್ದು ಒಳ್ಳೆಯ ಕ್ರೆಡಿಟ್ ಇದ್ದರೆ ಫ್ಲೋರಿಡಾದ ಸರ್ಟಿಫೈಡ್ ದಾರಿಯೇ ನನ್ನ ಮೊದಲ ಆಯ್ಕೆ. ಬೇ ಏರಿಯಾದಲ್ಲಿ ಈಗಾಗಲೇ ಮನೆ, ಪರಿಚಯ ಇರುವವರು ಕ್ಯಾಲಿಫೋರ್ನಿಯಾದ ಕಷ್ಟಪಡಲಿ, ಅಲ್ಲಿನ ನಂಬರ್‌ಗೆ ಗ್ರಾಹಕರು ಬೆಲೆ ಕೊಡುತ್ತಾರೆ. ಕಸುಬು ಕೈಯಲ್ಲಿದ್ದು ಸಾಕ್ಷಿಪತ್ರ ಹೊಂದಿಸಲಾಗದವರಿಗೆ ವಾಷಿಂಗ್ಟನ್. ಬಂಡವಾಳ ಕಡಿಮೆ, ದುಡುಕು ಇಲ್ಲ ಎನ್ನುವವರಿಗೆ ನಾರ್ತ್ ಕ್ಯಾರೊಲಿನಾ. ಟೆಕ್ಸಾಸ್ ಅನ್ನು, ಕರಾರು ಬರೆಯುವ ವಕೀಲರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡವರಿಗೆ ಮಾತ್ರ ಹೇಳುತ್ತೇನೆ. ಮುಂದೆ ರಾಜ್ಯ ಬದಲಿಸುವ ಸಂಭವವಿದ್ದರೆ ರಾಜ್ಯಗಳ ಲೈಸೆನ್ಸ್ ಸಂಸ್ಥೆಗಳ ಒಕ್ಕೂಟವಾದ ನಾಸ್ಕ್ಲಾ ನಡೆಸುವ ವಾಣಿಜ್ಯ ಕಟ್ಟಡಗಳ ಪರೀಕ್ಷೆ ಬರೆದಿಡಿ. ನಾರ್ತ್ ಕ್ಯಾರೊಲಿನಾ, ಜಾರ್ಜಿಯಾ, ಟೆನೆಸ್ಸಿ, ಅರಿಜೋನಾ ಮುಂತಾದ ರಾಜ್ಯಗಳು ಅದನ್ನು ಕಸುಬಿನ ಪರೀಕ್ಷೆಯಾಗಿ ಒಪ್ಪುತ್ತವೆ. ಆಯಾ ರಾಜ್ಯದ ಕಾನೂನು ಪರೀಕ್ಷೆಯನ್ನು ಮಾತ್ರ ಪ್ರತ್ಯೇಕವಾಗಿ ಬರೆಯಬೇಕಾದೀತು.

ಅರ್ಜಿಗೆ ಕೂರುವ ಮುಂಚೆ ಸಂಸ್ಥೆಯ ಹೆಸರು ತೀರ್ಮಾನಿಸಿ. ರಾಜ್ಯದ ಕಾರ್ಯದರ್ಶಿ ಕಚೇರಿಯ ನೋಂದಣಿ, ಬಾಂಡ್, ವಿಮೆ, ಲೈಸೆನ್ಸ್ ಅರ್ಜಿ, ಈ ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಶ್ರೀ, ಲಕ್ಷ್ಮೀ, ವೆಂಕಟೇಶ್ವರ ಎಂದು ದೇವರ ಹೆಸರಿಡುವವರು ಇಂಗ್ಲಿಷಿನ ಕಾಗುಣಿತವನ್ನು ಒಂದು ಕಡೆ ಬರೆದಿಟ್ಟುಕೊಂಡು, ಬಾಂಡ್ ಏಜೆಂಟರಿಗೆ ಫೋನಿನಲ್ಲಿ ಹೇಳದೆ, ಬರೆದೇ ಕಳಿಸಿ.